ಬುಡ್ಡಿ ಇಟ್ಟವರನ್ನು ಕರೆಯಬಾರದು

ಅಂಚೆಯವನು ತಂದುಕೊಟ್ಟ ದಪ್ಪ ಲಕೋಟೆಯನ್ನು ಗಾಜಮ್ಮ ಮೂರು ದಿನ ಒಡೆಯಲಿಲ್ಲ. ಸಕ್ಕರೆ ಡಬ್ಬದ ಹಿಂದೆ ನಿಲ್ಲಿಸಿಟ್ಟಳು. ಡಬ್ಬಕ್ಕೆ ಕೈ ಹಾಕಿದಾಗಲೆಲ್ಲ ಅದರ ಕಂದು ಅಂಚು ಕಾಣುತ್ತಿತ್ತು. ದಿನಕ್ಕೆ ಐದು ಸಲ ಚಹಾ ಆಗುವ ಮನೆ. ದಿನಕ್ಕೆ ಐದು ಸಲ ಅವಳು ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತಿದ್ದಳು. ಒಳಗಿದ್ದದ್ದು ಅವಳದೇ ಕೈಬರಹ: ಮೂರನೆಯ ಸಲ ನಪಾಸಾದ ಜೀವರಸಾಯನ ಪರೀಕ್ಷೆಯ ಉತ್ತರ ಪತ್ರಿಕೆಯ ನಕಲು.

ಗಾಜಮ್ಮ ಎನ್ನುವುದು ಅವಳು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬಿದ್ದ ಹೆಸರು. ಹದಿಮೂರು ವರ್ಷದಿಂದ ಅಲ್ಲಿನ ಗಾಜಿನ ಕೊಳವೆ, ಸ್ಲೈಡು, ಬೀಕರುಗಳನ್ನು ತೊಳೆಯುವವಳು ಅವಳೇ. ತೊಳೆದದ್ದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಅವಳು ಒಪ್ಪಿದ ಗಾಜನ್ನು ಮತ್ತೆ ಯಾರೂ ಪರೀಕ್ಷಿಸುವುದಿಲ್ಲ. ಹೀಗೆ ತೊಳೆಯುತ್ತ ತೊಳೆಯುತ್ತ ಅವಳಿಗೊಂದು ಚಾಳಿ ಹತ್ತಿತು. ಕೊಳವೆಯಲ್ಲಿ ಉಳಿದದ್ದನ್ನು ಚೆಲ್ಲುವ ಮೊದಲು ಅದರ ಬಣ್ಣ ನೋಡುವುದು. ರಕ್ತ ಕೆಳಗಿಳಿದ ಮೇಲೆ ನಿಲ್ಲುವ ತಿಳಿ ಒಬ್ಬರದು ಒಣಹುಲ್ಲಿನ ಬಣ್ಣ, ಇನ್ನೊಬ್ಬರದು ಕಡು ಅರಿಶಿನ, ಮತ್ತೊಬ್ಬರದು ಹಾಲು ಬೆರೆಸಿದಂತೆ. ಏಕೆ ಹೀಗೆ? ಕೇಳಿ ಕೇಳಿ ಅವಳು ಹಿರಿಯ ಟೆಕ್ನಿಷಿಯನ್ನಿನ ತಲೆ ತಿಂದಳು. ದೊಡ್ಡಮೇಡಂ ಎಂದು ಎಲ್ಲರೂ ಕರೆಯುವ ಆ ಹೆಂಗಸು ಒಂದು ದಿನ ಕೈ ಮುಗಿದಳು.

"ಗಾಜಮ್ಮ, ನಿನ್ನ ಪ್ರಶ್ನೆಗೆಲ್ಲ ಉತ್ತರ ಹೇಳ್ತಾ ಕೂತ್ರೆ ನಮ್ಮ ರೋಗಿಗಳು ರಿಪೋರ್ಟ್ ಬರೋ ಮುಂಚೆ ತಾವೇ ವಾಸಿ ಆಗಿಬಿಡ್ತಾರೆ. ಹೋಗು, ಡಿಪ್ಲೊಮಾ ಮಾಡು."

ಮೂವತ್ತೆಂಟನೆಯ ವಯಸ್ಸಿನಲ್ಲಿ ಗಾಜಮ್ಮ ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಕ್ಕೆ ಸೇರಿದಳು. ಭಾನುವಾರದ ತರಗತಿ, ಒಟ್ಟು ಆರು ವಿಷಯ. ಐದರಲ್ಲಿ ಮೊದಲ ಯತ್ನಕ್ಕೇ ಪಾಸು. ಅವೆಲ್ಲ ಒಂದೆರಡು ಸಾಲಿನ ಉತ್ತರದ ಪರೀಕ್ಷೆಗಳು. ಆರನೆಯದರಲ್ಲಿ ಹತ್ತು ಪ್ರಶ್ನೆ, ಒಂದೊಂದಕ್ಕೂ ಹತ್ತು ಅಂಕ, ಉದ್ದುದ್ದ ಬರೆಯಬೇಕು. ಐವತ್ತು ಬಂದರೆ ಪಾಸು. ಅವಳಿಗೆ ಮೊದಲ ಸಲ ಮೂವತ್ತೆಂಟು, ಆಮೇಲೆ ನಲವತ್ತೊಂದು, ಈಗ ಮೂವತ್ತೊಂಬತ್ತು. ನಿಯಮದ ಪ್ರಕಾರ ಇನ್ನು ಉಳಿದದ್ದು ಒಂದೇ ಅವಕಾಶ, ಏಳು ವಾರ ಬಿಟ್ಟು. ಅದೂ ಕೈತಪ್ಪಿದರೆ ಪಾಸಾದ ಐದೂ ರದ್ದು, ಮೂರು ವರ್ಷದ ಭಾನುವಾರಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೂರನೆಯ ಫಲಿತಾಂಶದ ನಂತರ ಅವಳು ಲ್ಯಾಬಿನಲ್ಲಿ ಮಾತು ಕಡಿಮೆ ಮಾಡಿದಳು. ಮುಂಚೆ ಅರಿಶಿನದ ತಿಳಿ ಕಂಡ ಕೂಡಲೇ, "ಮೇಡಂ, ಇವರಿಗೆ ಕಾಮಾಲೆ ಇರಬೇಕು," ಎನ್ನುತ್ತಿದ್ದಳು. ಯಂತ್ರ ಅರ್ಧ ಗಂಟೆಯ ನಂತರ ಅದನ್ನೇ ಹೇಳುತ್ತಿತ್ತು. ಈಗ ಕಂಡರೂ ಸುಮ್ಮನೆ ತೊಳೆಯುತ್ತಿದ್ದಳು. ಮೂವತ್ತೊಂಬತ್ತು ತೆಗೆದವಳ ಕಣ್ಣಿಗೇನು ಬೆಲೆ? "ನನ್ನ ತಲೇಲಿ ಮೆದುಳಿಲ್ಲ ಮೇಡಂ, ಪಾತ್ರೆ ಉಜ್ಜೋ ಬ್ರಷ್ ಇದೆ," ಎಂದು ನಕ್ಕಳು. ದೊಡ್ಡಮೇಡಂ ನಗಲಿಲ್ಲ.

"ಒಂದು ರಿಪೋರ್ಟು ಮೂರು ಸಲ ಒಂದೇ ಥರ ತಪ್ಪು ಬಂದ್ರೆ ನಾವೇನು ಮಾಡ್ತೀವಿ?"

"ಮತ್ತೆ ಟೆಸ್ಟ್ ಮಾಡ್ತೀವಿ."

"ಅದಕ್ಕೂ ಮುಂಚೆ?"

"ಸ್ಯಾಂಪಲ್ ತೆಗೆದು ನೋಡ್ತೀವಿ."

"ಹಂಗಾದ್ರೆ ಸ್ಯಾಂಪಲ್ ತರಿಸು. ಅರ್ಜಿ ಹಾಕಿದ್ರೆ ನಿನ್ನ ಉತ್ತರ ಪತ್ರಿಕೆ ನಕಲು ಕಳಿಸ್ತಾರೆ. ಓದದೇ ಇರೋರ ಅಂಕ ಒಂದು ಸಲ ಹದಿನೈದು ಬರುತ್ತೆ, ಇನ್ನೊಂದು ಸಲ ಅದೃಷ್ಟಕ್ಕೆ ಐವತ್ತೈದು ಬರುತ್ತೆ. ನಿನ್ನದು ನೋಡು, ಮೂರು ಸಲವೂ ಒಂದೇ ಕಡೆ ಮೊಳೆ ಹೊಡೆದ ಹಾಗಿದೆ. ಇದಕ್ಕೇನೋ ಕಾರಣ ಇದೆ ಕಣೆ. ನನಗೇ ಕುತೂಹಲ ಆಗ್ತಿದೆ."

ಆ ಸ್ಯಾಂಪಲ್ಲೇ ಈಗ ಸಕ್ಕರೆ ಡಬ್ಬದ ಹಿಂದೆ ನಿಂತಿತ್ತು. ಕೊನೆಗೆ ಅದನ್ನು ಹೊರಗೆಳೆದವಳು ಹನ್ನೆರಡನೆಯ ತರಗತಿಯಲ್ಲಿ ಓದುತ್ತಿದ್ದ ಮಗಳು.

"ಅಮ್ಮಾ, ಸಕ್ಕರೆ ಪಕ್ಕ ಇಟ್ಟಿದ್ದೀಯಲ್ಲ, ಇರುವೆ ಮುತ್ತುತ್ತೆ."

"ಮುತ್ತಲಿ ಬಿಡು. ಅವಾದ್ರೂ ಓದಿ ಉದ್ಧಾರ ಆಗ್ಲಿ."

ಮಗಳು ಲಕೋಟೆ ಹರಿದು ಹಾಳೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದಳು. ಗಾಜಮ್ಮ ಮೊದಲು ದೂರದಿಂದಲೇ ನೋಡಿದಳು, ಬೇರೆ ಯಾರದೋ ರಕ್ತವೆಂಬಂತೆ. ಆಮೇಲೆ ಹತ್ತಿರ ಬಂದಳು. ಆಮೇಲೆ ಕುರ್ಚಿ ಎಳೆದುಕೊಂಡಳು. ಮೊದಲ ಉತ್ತರದಲ್ಲಿ ತಪ್ಪಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಬರೆದದ್ದರ ಪಕ್ಕದಲ್ಲೆಲ್ಲ ಪರೀಕ್ಷಕರ ಕೆಂಪು ಗುರುತು ಸರಿ, ಸರಿ ಎನ್ನುತ್ತಿತ್ತು. ಆದರೆ ಒಂದೊಂದು ಉತ್ತರವೂ ಅರ್ಧ ಪುಟಕ್ಕೆ, ಕೆಲವು ಕಡೆ ವಾಕ್ಯದ ನಡುವೆಯೇ ನಿಂತಿತ್ತು. ಅದರ ಕೆಳಗೆ ಅರ್ಧ ಪುಟ ಖಾಲಿ. ಆಮೇಲೆ ಮುಂದಿನ ಪ್ರಶ್ನೆ. ಹತ್ತು ಪ್ರಶ್ನೆ, ಹತ್ತೂ ಶುರು, ಒಂದೂ ಮುಗಿದಿಲ್ಲ.

"ಇದ್ಯಾಕಮ್ಮ ಇಲ್ಲಿ ಬಿಟ್ಟೆ? 'ಯಕೃತ್ತಿನಲ್ಲಿ ಸಂಗ್ರಹವಾದ ಸಕ್ಕರೆಯು' ಅಂತ ಬರೆದು ಎದ್ದು ಹೋಗಿದ್ದೀಯಲ್ಲ. ಸಕ್ಕರೆಯು ಏನಾಯ್ತು?"

"ಗೊತ್ತಿತ್ತು ಕಣೆ. ಆಮೇಲೆ ಬಂದು ಬರೆಯೋಣ ಅಂತ ಜಾಗ ಬಿಟ್ಟಿದ್ದೆ. ಅಷ್ಟರಲ್ಲಿ ಎರಡನೇ ಪ್ರಶ್ನೆ ಶುರು ಮಾಡಿಬಿಟ್ರೆ ಅದೂ ಆಗ್ತಾ ಇರುತ್ತೆ ಅಂತ..."

ಇಬ್ಬರೂ ಒಟ್ಟಿಗೇ ಒಲೆಯ ಕಡೆ ನೋಡಿದರು. ಒಂದು ಉರಿಯ ಮೇಲೆ ಅಕ್ಕಿ ಬೇಯುತ್ತಿತ್ತು. ಇನ್ನೊಂದರ ಮೇಲೆ ಬೇಳೆ. ತೊಟ್ಟಿಯಲ್ಲಿ ಬಟ್ಟೆ ನೆನೆಯುತ್ತಿತ್ತು, ಹಲಗೆಯ ಮೇಲೆ ಅರ್ಧ ಹೆಚ್ಚಿದ ಈರುಳ್ಳಿ, ಬಾಗಿಲ ಬಳಿ ಅರ್ಧ ಗುಡಿಸಿ ಒರಗಿಸಿದ್ದ ಪೊರಕೆ.

"ಅಮ್ಮಾ," ಎಂದಳು ಮಗಳು ಮೆಲ್ಲಗೆ, "ನೀನು ಹತ್ತೂ ಪ್ರಶ್ನೇನ ಒಲೆ ಮೇಲಿಟ್ಟು ಬಂದಿದ್ದೀಯ."

"ಅಕ್ಕಿ ಇಟ್ಟು ಹೋದ್ರೆ ತಾನೇ ಬೇಯುತ್ತೆ," ಎಂದಳು ಗಾಜಮ್ಮ. ಹಾಳೆಯ ಖಾಲಿ ಅರ್ಧದ ಮೇಲೆ ಬೆರಳಾಡಿಸಿ, "ಉತ್ತರ ತಾನೇ ಬೇಯಲ್ಲ, ಅಲ್ವಾ," ಎಂದಳು. ಅವಳ ದನಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ, ಕೊಳವೆಯ ತಳದಲ್ಲಿ ಹೊಸ ಬಣ್ಣ ಕಂಡಾಗಿನ ಅಚ್ಚರಿಯಿತ್ತು.

ಮರುದಿನದಿಂದ ಅವಳು ತನ್ನನ್ನೇ ಪರೀಕ್ಷೆಗೆ ಇಟ್ಟುಕೊಂಡಳು. ಲ್ಯಾಬಿನ ರಿಜಿಸ್ಟರಿನಂತೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು ಅಡುಗೆಮನೆಯ ಗೋಡೆಗೆ ತೂಗುಹಾಕಿದಳು: ಕೆಲಸ, ಶುರು, ಬಿಟ್ಟದ್ದು, ಕರೆದವರು. ಒಂದು ವಾರ ಬಿಡದೆ ಬರೆದಳು. ಬೆಳಗಿನ ಎರಡೂವರೆ ಗಂಟೆಗಳ ಅವಧಿಯಲ್ಲಿ ಇಪ್ಪತ್ಮೂರು ಕೆಲಸ. ಅದರಲ್ಲಿ ಒಂದೇ ಏಟಿಗೆ ಮುಗಿದದ್ದು ಮೊಟ್ಟೆ ಒಡೆದದ್ದು. ಸಂಜೆ ಐದಕ್ಕೆ ಪುಸ್ತಕ ಹಿಡಿದು ಕೂತರೆ ಎದ್ದೇಳದೆ ಕೂತ ಅತಿ ಉದ್ದದ ಹೊತ್ತು ಒಂಬತ್ತು ನಿಮಿಷ. ಎದ್ದು ಬಂದಾಗಲೆಲ್ಲ ಎಲ್ಲಿಗೆ ನಿಂತಿತ್ತೆಂದು ಮರೆತು, ಪಾಠವನ್ನು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಹಾಗಾಗಿ ಪ್ರತಿ ಪಾಠದ ಮೊದಲ ಎರಡು ಪುಟ ಅವಳಿಗೆ ಕಂಠಪಾಠ. ಕೊನೆಯ ಪುಟಗಳು ಇನ್ನೂ ಹೊಸ ಪುಸ್ತಕದ ವಾಸನೆ ಬೀರುತ್ತಿದ್ದವು.

ವಾರದ ಕೊನೆಗೆ ಮಗಳು ಕ್ಯಾಲೆಂಡರಿನ ಮುಂದೆ ನಿಂತು ಎಣಿಸಿದಳು. ಓದಲು ಕೂತಾಗ ಅಮ್ಮನನ್ನು ಕರೆದದ್ದು ನಲವತ್ತನಾಲ್ಕು ಸಲ. ಅಪ್ಪ ಹನ್ನೆರಡು. ಅಜ್ಜಿ ಹದಿಮೂರು. ಉಳಿದ ಹತ್ತೊಂಬತ್ತು?

"ನಾನಾ?" ಎಂದಳು. "ಸುಳ್ಳು."

"ಹೇರ್‌ಬ್ಯಾಂಡ್ ಎಲ್ಲಿ. ನನ್ನ ನೀಲಿ ಶರ್ಟು ಒಣಗಿದೆಯಾ. ಹೇರ್‌ಬ್ಯಾಂಡ್ ಸಿಕ್ತು ಬಿಡು. ಓದು, ಎಲ್ಲಾ ಬರೆದಿದ್ದೀನಿ."

ಮಗಳು ಎರಡು ಗಂಟೆ ಒಂದೇ ಸಮನೆ ಓದುತ್ತಾಳೆಂದು ಶಾಲೆಯಲ್ಲಿ ಹೊಗಳುತ್ತಾರೆ. ಆ ಎರಡು ಗಂಟೆ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ಶ್, ಅವಳು ಓದ್ತಿದ್ದಾಳೆ," ಎಂದು ಎಲ್ಲರನ್ನೂ ಹಿಂದಕ್ಕೆ ಕಳಿಸುವವಳು ಯಾರೆಂದು ಯಾವ ಕ್ಯಾಲೆಂಡರಿನಲ್ಲೂ ಬರೆದಿರಲಿಲ್ಲ. ಮಗಳು ಹೋಗಿ ಅರ್ಧ ಉಳಿದಿದ್ದ ಈರುಳ್ಳಿ ಹೆಚ್ಚಿದಳು. ಕಣ್ಣು ಒರೆಸಿಕೊಂಡದ್ದು ಈರುಳ್ಳಿಗೋ ಬೇರೆ ಯಾವುದಕ್ಕೋ, ಗಾಜಮ್ಮ ಕೇಳಲಿಲ್ಲ.

ರಿಜಿಸ್ಟರು ಇನ್ನೊಂದು ಸಂಗತಿಯನ್ನೂ ತೋರಿಸಿತು. ಅತ್ತೆ ಕಿಟಕಿಯ ಬಳಿ ಕೂತು ತರಕಾರಿ ಸೋಸುತ್ತ ಕಥೆ ಹೇಳುತ್ತಿದ್ದರು. ಅತ್ತೆಯ ಕಥೆಗಳಿಗೆ ಬಾಲವಿಲ್ಲ ಎನ್ನುವುದು ಮನೆಯ ಹಳೆಯ ತಮಾಷೆ. ಅವರ ಮುಖ್ಯ ಕಥೆ ನಾಲ್ಕನೆಯ ತರಗತಿಯದು. ಶಾಲೆಗೆ ಇನ್‌ಸ್ಪೆಕ್ಟರು ಬಂದರು. ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಯಾರಿಗೂ ಬರಲಿಲ್ಲ. ಇವರು ಕೈ ಎತ್ತಿದರು. ಇನ್‌ಸ್ಪೆಕ್ಟರು ಸೀಮೆಸುಣ್ಣವನ್ನು ಇವರ ಕೈಗೆ ಕೊಟ್ಟು... ಅಲ್ಲಿಗೆ ಯಾವಾಗಲೂ ಏನಾದರೊಂದು ಉಕ್ಕುತ್ತಿತ್ತು, ಯಾರಾದರೂ ಬಾಗಿಲು ತಟ್ಟುತ್ತಿದ್ದರು, ಮಗನಿಗೆ ಚಹಾ ಬೇಕಾಗುತ್ತಿತ್ತು. ಇಪ್ಪತ್ತು ವರ್ಷದಲ್ಲಿ ಗಾಜಮ್ಮ ಆ ಸೀಮೆಸುಣ್ಣದಿಂದ ಮುಂದಕ್ಕೆ ಹೋಗಿರಲಿಲ್ಲ. ಕ್ಯಾಲೆಂಡರಿನಲ್ಲಿ ಅವಳು ಅದನ್ನೂ ಬರೆದಳು. ಕೆಲಸ: ಅತ್ತೆಯ ಕಥೆ. ಬಿಟ್ಟದ್ದು: ಸೀಮೆಸುಣ್ಣ.

ಕಾಯಿಲೆಯೇನೋ ಗೊತ್ತಾಯಿತು. ಔಷಧ ಆ ಮನೆಯ ಹಜಾರದಲ್ಲೇ ಇತ್ತು.

ಗಂಡ ವಾಚು ರಿಪೇರಿಯವನು. ಹಜಾರದ ಬೀದಿಬದಿಯ ಮೂಲೆಯಲ್ಲಿ ಅವನ ಮೇಜು. ಕೆಲಸಕ್ಕೆ ಕೂತಾಗ ಒಂದು ಕಣ್ಣಿಗೆ ಪುಟ್ಟ ಕಪ್ಪು ಭೂತಗನ್ನಡಿ ಇಟ್ಟುಕೊಂಡು, ಅದರ ತಂತಿಯನ್ನು ತಲೆಗೆ ಸುತ್ತಿಕೊಳ್ಳುತ್ತಾನೆ. ಮನೆಯಲ್ಲಿ ಅದರ ಹೆಸರು ಬುಡ್ಡಿ. ವರ್ಷಗಳ ಹಿಂದೆ ಯಾರೋ ಕರೆದರೆಂದು ಅವನು ತಲೆಯೆತ್ತಿದಾಗ ಗಿರಾಕಿಯ ವಾಚಿನ ಕೂದಲೆಳೆಯಂಥ ಸ್ಪ್ರಿಂಗು ಹಾರಿಹೋಗಿ, ಮೂರು ದಿನದ ನಂತರ ಹಿಟ್ಟಿನ ಡಬ್ಬದಲ್ಲಿ ಸಿಕ್ಕಿತ್ತು. ಅಂದೇ ಅವನು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹೊಡೆದ: ಬುಡ್ಡಿ ಇಟ್ಟವರನ್ನು ಕರೆಯಬಾರದು. ಆ ಮನೆಯಲ್ಲಿ ಎಲ್ಲರೂ ತಪ್ಪದೆ ಪಾಲಿಸುವ ಕಾನೂನು ಅದೊಂದೇ. ಅವನ ತಾಯಿ ಕೂಡ ಬುಡ್ಡಿ ಕಂಡರೆ ಕೆಮ್ಮನ್ನು ಸೆರಗಿನಲ್ಲಿ ಹಿಡಿಯುತ್ತಿದ್ದರು.

ಸೋಮವಾರ ಸಂಜೆ ಐದಕ್ಕೆ ಗಾಜಮ್ಮ ಅವನ ಹಳೆಯ ಬುಡ್ಡಿಯನ್ನು ತಂತಿ ಸಮೇತ ಹಣೆಗೆ ಏರಿಸಿಕೊಂಡು ಅಡುಗೆಮನೆಯ ಮೇಜಿಗೆ ಕೂತಳು. ಚಹಾ ಕೇಳಲು ಬಂದ ಗಂಡ ಬಾಗಿಲಲ್ಲೇ ನಿಂತ.

"ಏನೇ ಇದು ವೇಷ? ಸೋಡಾಬುಡ್ಡಿ ಕನ್ನಡಕ ಸಾಲದು ಅಂತ ಇದು ಬೇರೆ?"

ಗಾಜಮ್ಮ ಹಜಾರದ ಗೋಡೆಯ ರಟ್ಟಿನ ಕಡೆ ಪೆನ್ನು ತೋರಿಸಿದಳು.

"ಅದು ನನ್ನ ಕೆಲಸಕ್ಕೆ ಕಣೆ. ನನ್ನದು ಸೂಕ್ಷ್ಮದ ಕೆಲಸ. ಕರೆದ್ರೆ ಸ್ಪ್ರಿಂಗು ಹಾರಿ ಹೋಗುತ್ತೆ."

"ನಂದೂ ಹಾರಿ ಹೋಗುತ್ತೆ ರೀ. ನಿಮ್ಮದು ಮೂರು ದಿನಕ್ಕೆ ಹಿಟ್ಟಿನ ಡಬ್ಬದಲ್ಲಿ ಸಿಕ್ತು. ನಂದು ಮೂರು ಪರೀಕ್ಷೆ ಆದ್ರೂ ಸಿಕ್ಕಿಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಹಿಂದಿನಿಂದ ಅವನ ತಾಯಿಯ ದನಿ ಕೇಳಿತು. "ಲೋ, ಬುಡ್ಡಿ ಇಟ್ಟವರ ಹತ್ರ ಏನೋ ನಿನ್ನ ಮಾತು? ಈಚೆ ಬಾ." ತಾನೇ ಬರೆದ ಕಾನೂನಿಗೆ ಸಿಕ್ಕಿಬಿದ್ದವನು ತಲೆ ಕೆರೆದುಕೊಳ್ಳುತ್ತ ಈಚೆ ಬಂದ.

ಅಂದು ಯಾರೂ ಅವಳನ್ನು ಕರೆಯಲಿಲ್ಲ. ಆದರೂ ಒಂಬತ್ತನೆಯ ನಿಮಿಷಕ್ಕೆ ಅವಳ ಕಾಲು ತಾನೇ ಎದ್ದು ನಿಂತಿತು. ನಿಂತಮೇಲೆ ಯಾಕೆ ಎದ್ದೆನೆಂದು ಅವಳಿಗೇ ತಿಳಿಯಲಿಲ್ಲ. ಇದೊಂದು ವಿಚಿತ್ರ ಸಂಗತಿಯೆನಿಸಿ, ರಿಜಿಸ್ಟರಿನ 'ಕರೆದವರು' ಎಂಬ ಕಡೆ 'ನಾನೇ' ಎಂದು ಬರೆದಳು. ಮರುದಿನ ಹನ್ನೊಂದು ನಿಮಿಷ. ವಾರ ಕಳೆಯುವುದರೊಳಗೆ ಹದಿನೈದು. ಮೂರು ಗಂಟೆಯ ಪರೀಕ್ಷೆಯಲ್ಲಿ ಒಂದು ಉತ್ತರಕ್ಕೆ ಹದಿನೆಂಟು ನಿಮಿಷವಿದೆ. ಅವಳಿಗೆ ಬೇಕಾದದ್ದು ಅಷ್ಟು.

ನಾಲ್ಕನೆಯ ವಾರ ಹಾಲು ಉಕ್ಕಿತು. ಮಗಳು ಒಲೆಯ ಮೇಲಿಟ್ಟು ಮಹಡಿಗೆ ಬಟ್ಟೆ ತರಲು ಹೋಗಿದ್ದಳು. ಗಾಜಮ್ಮ ಹಣೆಗೆ ಬುಡ್ಡಿಯಿಟ್ಟು ಒಲೆಯಿಂದ ಮೂರು ಹೆಜ್ಜೆ ದೂರದಲ್ಲಿ ಕೂತು, ಮೂತ್ರಪಿಂಡ ಹೇಗೆ ಶೋಧಿಸುತ್ತದೆ ಎಂಬುದರ ಕೊನೆಯ ಭಾಗ ಬರೆಯುತ್ತಿದ್ದಳು. ಮೊದಲು ಸುಂಯ್ ಸದ್ದು. ಆಮೇಲೆ ಪಾತ್ರೆಯ ಅಂಚಿಗೆ ಬಿಳಿ ನೊರೆ. ಅವಳ ಎಡಗಾಲು ನೆಲ ಒತ್ತಿತು. ಇಪ್ಪತ್ತು ವರ್ಷದಲ್ಲಿ ಅವಳ ಕಣ್ಣೆದುರು ಹಾಲು ಉಕ್ಕಿದ್ದಿಲ್ಲ.

"ಹಾಲು! ಹಾಲು ಉಕ್ತಾ ಇದೆ!" ಗಂಡ ಹಜಾರದಿಂದಲೇ, ಕುರ್ಚಿಯಿಂದಲೇ, ಕೂಗಿದ. ಯಾರಿಗೆ ಹೇಳುತ್ತಿದ್ದನೋ ಅವನಿಗೇ ಗೊತ್ತಿರಲಿಲ್ಲ. ನೊರೆ ಇಳಿದು ಉರಿಯ ಮೇಲೆ ಬಿದ್ದು ಚುರ್ರೆಂದಿತು. ಕೊನೆಗೆ ಅವನೇ ಓಡಿ ಬಂದ, ಕಣ್ಣಿಗಿದ್ದ ಬುಡ್ಡಿ ಹಾಗೇ ಇತ್ತು. ಒಲೆಯ ಮೂರು ನಾಬುಗಳಲ್ಲಿ ಯಾವುದು ಯಾವ ಉರಿಯದೆಂದು ತಿಳಿಯದೆ ಮೂರನ್ನೂ ತಿರುಗಿಸಿದ. ಆರಿದ್ದ ಒಂದು ಉರಿಯ ಗ್ಯಾಸು ಬಿಟ್ಟುಕೊಂಡಿತು. "ಯಾವುದೇ ಇದು?" ಎಂದು ಹೆಂಡತಿಯ ಕಡೆ ತಿರುಗಿದವನು ಅವಳ ಹಣೆಯ ಬುಡ್ಡಿ ನೋಡಿ, ಹುಳಿ ಕಚ್ಚಿದವನಂತೆ ಬಾಯಿ ಮುಚ್ಚಿಕೊಂಡ. ಕೆಳಗೆ ಬಗ್ಗಿ ಸಿಲಿಂಡರನ್ನೇ ಬಂದ್ ಮಾಡಿದ.

ಗಾಜಮ್ಮ ಬರೆದಳು: ಹೀಗೆ ಶೋಧಿತವಾದ ದ್ರವವು ಮೂತ್ರಕೋಶವನ್ನು ಸೇರುತ್ತದೆ. ಪೂರ್ಣವಿರಾಮ ಇಟ್ಟಳು. ಬುಡ್ಡಿ ಕೆಳಗಿಳಿಸಿ, ಕಿಟಕಿ ತೆರೆದು, ಮೂರು ನಾಬುಗಳನ್ನೂ ಸರಿಯಾಗಿ ತಿರುಗಿಸಿ ಮುಚ್ಚಿದಳು. ಆಮೇಲೆ ನೆಲದ ಮೇಲಿನ ಹಾಲು, ಒದ್ದೆ ಬಟ್ಟೆ ಹಿಡಿದು ಮಂಡಿಯೂರಿದ್ದ ಗಂಡ, ಇವೆರಡನ್ನೂ ನೋಡಿ ಮೊದಲ ಸಲ ಗಟ್ಟಿಯಾಗಿ ನಕ್ಕಳು. "ಹದಿನೆಂಟು ನಿಮಿಷ," ಎಂದಳು.

"ಒಂದು ಲೀಟರ್," ಎಂದ ಅವನು.

ಪರೀಕ್ಷೆಯ ದಿನ ಬುಡ್ಡಿಯನ್ನು ಒಳಗೆ ಬಿಡಲಿಲ್ಲ. ಬಾಗಿಲಲ್ಲಿ ತಪಾಸಣೆ ಮಾಡುತ್ತಿದ್ದವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನಮ್ಮ, ಚೀಟಿ ಓದೋಕಾ?" ಎಂದಳು. "ಅಲ್ಲಮ್ಮ, ಕರೆಯೋರನ್ನ ಓಡಿಸೋಕೆ," ಎಂದು ಗಾಜಮ್ಮ ಅದನ್ನು ಹೊರಗಿನ ಚೀಲದಲ್ಲಿಟ್ಟಳು. ತಂತಿಯ ಗುರುತು ಮಾತ್ರ ಹಣೆಯ ಮೇಲಿತ್ತು.

ಮೊದಲ ಪ್ರಶ್ನೆಯ ಅರ್ಧಕ್ಕೆ ಬಂದಾಗ ಅವಳ ಕೈ ತಾನಾಗಿಯೇ ಪುಟ ಮಗುಚಿತು, ಎರಡನೆಯದನ್ನು ಶುರು ಮಾಡಿಟ್ಟು ಬರೋಣವೆಂದು. ಕೈಯ ಆ ಆತುರವನ್ನು ಅವಳು ಒಂದು ಕ್ಷಣ ಹಾಗೇ ನೋಡಿದಳು. ಹಿಂದಿನ ಮೂರು ಸಲವೂ ಇದೇ ಜಾಗದಲ್ಲಿ, ಇದೇ ಕೈ. ಪುಟ ಹಿಂದಕ್ಕೆ ಮಗುಚಿ, ಹಣೆಯ ಗುರುತನ್ನೊಮ್ಮೆ ಒತ್ತಿಕೊಂಡು, ಮೊದಲನೆಯದನ್ನು ಮುಗಿಸಿದಳು. ಕೊನೆಯವರೆಗೂ ಬರೆದರೆ ಒಂದೊಂದಕ್ಕೂ ಹದಿನೆಂಟು ನಿಮಿಷ ಸಾಲದೆ ಇಪ್ಪತ್ತೈದು ದಾಟುತ್ತಿತ್ತು; ಆರು ಉತ್ತರ ಪೂರ್ತಿಯಾದಾಗ ಉಳಿದದ್ದು ಇಪ್ಪತ್ತು ನಿಮಿಷ. ನಾಲ್ಕು ಪ್ರಶ್ನೆ ಮುಟ್ಟದೆ ಬಿದ್ದಿದ್ದವು. ನಾಲ್ಕಕ್ಕೂ ಐದೈದು ನಿಮಿಷವೇ? ನಾಲ್ಕೂ ಅವಳಿಗೆ ಬರುತ್ತಿದ್ದವು. ಅಕ್ಕಿ, ಬೇಳೆ, ಬಟ್ಟೆ, ಪೊರಕೆ ನಾಲ್ಕೂ ಒಟ್ಟಿಗೇ ಕೂಗಿದಂತಾಯಿತು. ಅವಳು ಯಕೃತ್ತಿನ ಸಕ್ಕರೆಯನ್ನು ಆರಿಸಿಕೊಂಡಳು. ಸಕ್ಕರೆ ಏನಾಯಿತೆಂದು ಈ ಸಲ ಕೊನೆಯವರೆಗೂ ಬರೆದಳು. ಗಂಟೆ ಹೊಡೆದಾಗ ಮೂರು ಪ್ರಶ್ನೆಗಳಿಗೆ ಬಿಳಿಯ ಪುಟ ಉಳಿದಿತ್ತು. ಪತ್ರಿಕೆ ಒಪ್ಪಿಸುವಾಗ, ಒಲೆ ಹಚ್ಚದೆ ಬಿಟ್ಟು ಬಂದ ಮೂರು ಪಾತ್ರೆಗಳನ್ನು ನೆನೆದವಳಂತೆ ಆ ಪುಟಗಳನ್ನು ಮತ್ತೊಮ್ಮೆ ಮಗುಚಿ ನೋಡಿದಳು.

ಒಂದು ತಿಂಗಳ ನಂತರ ಫಲಿತಾಂಶ ಬಂತು. ಐವತ್ತೊಂಬತ್ತು.

ದೊಡ್ಡಮೇಡಂ ಅಂಕಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಗಾಜಮ್ಮನ ಹಾಗೆಯೇ ಒಂದು ಕಣ್ಣು ಮುಚ್ಚಿ ನೋಡಿದಳು. "ಶುದ್ಧವಾಗಿದೆ," ಎಂದಳು. ಅಂದು ಮಧ್ಯಾಹ್ನ ಕಡು ಅರಿಶಿನದ ಒಂದು ಕೊಳವೆ ಬಂದಾಗ ಗಾಜಮ್ಮ, "ಮೇಡಂ, ಇದು ಕಾಮಾಲೆ," ಎಂದಳು. ಇರಬೇಕು ಎನ್ನಲಿಲ್ಲ.

ಸಂಜೆ ಮನೆಗೆ ಬಂದಾಗ ಐದು ಗಂಟೆ. ಅಭ್ಯಾಸಬಲದಿಂದ ಬುಡ್ಡಿಯನ್ನು ಕೈಗೆತ್ತಿಕೊಂಡು ಮೇಜಿಗೆ ಕೂತವಳಿಗೆ ಓದಲು ಏನೂ ಇರಲಿಲ್ಲ. ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣಾಡಿಸಿದಳು. ಮುಗಿಯದೆ ಉಳಿದ ಒಂದು ಸಾಲು ಕಂಡಿತು. ಅವಳು ಎದ್ದುಹೋಗಿ ಕಿಟಕಿಯ ಬಳಿ ಕೂತಿದ್ದ ಅತ್ತೆಯ ಹಣೆಗೆ ಬುಡ್ಡಿ ಕಟ್ಟಿದಳು.

"ಅಯ್ಯೋ, ಏನೇ ಇದು! ನನಗ್ಯಾವ ಪರೀಕ್ಷೆಯೇ?"

"ಈಗ ನಿಮ್ಮನ್ನ ಯಾರೂ ಕರೆಯಲ್ಲ ಅತ್ತೆ. ಇನ್‌ಸ್ಪೆಕ್ಟರು ಸೀಮೆಸುಣ್ಣ ಕೈಗೆ ಕೊಟ್ರು. ಆಮೇಲೆ?"

ಅತ್ತೆ ನಕ್ಕರು. ಸೋಸುತ್ತಿದ್ದ ಸೊಪ್ಪನ್ನು ಕೆಳಗಿಟ್ಟರು.

"ಕೊಟ್ರು... ಬೋರ್ಡಿನ ಹತ್ರ ಹೋದೆ..." ಅವರ ಮುಖದಲ್ಲಿ ಗಾಬರಿಯಂಥದ್ದೊಂದು ಸುಳಿಯಿತು. "ಅಲ್ಲ ಕಣೆ, ಆಮೇಲೆ ಏನಾಯ್ತು ಅಂತ ನನಗೇ ನೆನಪಿಲ್ಲ. ಹೇಳ್ತಾ ಹೇಳ್ತಾ ಅಲ್ಲೀವರೆಗೆ ಬಂದು ಬಂದು ಎದ್ದು ಹೋಗಿದ್ದೇ ನೆನಪು. ಲೆಕ್ಕ ಬಂತೋ ಇಲ್ಲವೋ..."

"ಲೆಕ್ಕ ಯಾವುದು ಅಂತ ನೆನಪಿದೆಯಾ?"

"ಅದು ಮರೆಯುತ್ತಾ? ನಾಲ್ಕು ಸಾವಿರದ ಎಂಬತ್ತನ್ನ ಹದಿನೇಳರಿಂದ ಭಾಗಿಸಬೇಕು."

ಮಗಳು ಕೋಣೆಯಿಂದ ಬಂದು ನಿಂತಿದ್ದಳು. "ಅಜ್ಜಿ, ಅದು—" ಎಂದು ಶುರು ಮಾಡಿದವಳನ್ನು ಗಾಜಮ್ಮ ಕಣ್ಣಲ್ಲೇ ತಡೆದಳು. ಕ್ಯಾಲೆಂಡರನ್ನು ಇಳಿಸಿ, ಪೆನ್ಸಿಲಿನ ಜೊತೆ ಅತ್ತೆಯ ಮಡಿಲಲ್ಲಿಟ್ಟಳು. ಅತ್ತೆ ಪೆನ್ಸಿಲನ್ನು ಸೀಮೆಸುಣ್ಣ ಹಿಡಿದಂತೆ ಮೂರು ಬೆರಳಲ್ಲಿ ಹಿಡಿದರು. ಹದಿನೇಳೆರಡ್ಲ ಮೂವತ್ತನಾಲ್ಕು ಎಂದು ತುಟಿ ಅಲುಗಿಸಿದರು. ಕಳೆದರೆ ಆರು ಉಳಿಯಿತು. ಎಂಟು ಇಳಿಯಿತು.

"ಅಮ್ಮಾ, ಚಹಾ ಆಯ್ತಾ?" ಎನ್ನುತ್ತ ಗಂಡ ಒಳಗೆ ಬಂದ. ತಾಯಿಯ ಹಣೆಯ ಮೇಲೆ ಬುಡ್ಡಿ ನೋಡಿದ. ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ತುದಿಗಾಲಲ್ಲಿ ಒಲೆಯ ಬಳಿಗೆ ಹೋಗಿ, ನಾಬುಗಳ ಮುಂದೆ ಸ್ವಲ್ಪ ಹೊತ್ತು ಯೋಚಿಸಿ, ಸರಿಯಾದದ್ದನ್ನೇ ತಿರುಗಿಸಿ ನೀರಿಟ್ಟ.

ಅತ್ತೆ ಇಪ್ಪತ್ನಾಲ್ಕು ಎಂದು ಬರೆದು ನಿಲ್ಲಿಸಿದ್ದರು. ಉತ್ತರ ಸಾಲದೆಂದು ಅವರಿಗೇ ಅನುಮಾನ. ಪೆನ್ಸಿಲು ಹಾಳೆಯ ಮೇಲೆ ಅಲ್ಲಾಡದೆ ನಿಂತಿತ್ತು.

"ಓ," ಎಂದರು ಅತ್ತೆ. "ಒಂದು ಸೊನ್ನೆ ಇನ್ನೂ ಇಳಿಸಬೇಕು."